ತಕ್ಕಡಿ ಸಾಹೇಬರು ನೆಟ್ ತೂಗಿದ್ದು

ತಕ್ಕಡಿ ಸಾಹೇಬರಿಗೆ ಅನುಮಾನ ಅನ್ನುವುದು ಸ್ವಭಾವವಲ್ಲ, ಕಸುಬು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವರು. ತಟ್ಟೆಯ ಅಡಿಗೆ ಮೆತ್ತಿದ ಮೇಣ, ಹೊಟ್ಟೆ ಕೊರೆದು ಟೊಳ್ಳು ಮಾಡಿದ ಕಬ್ಬಿಣದ ತೂಕದ ಬಟ್ಟು, ತಳವನ್ನು ಒಳಕ್ಕೆ ಬಡಿದ ಲೀಟರ್ ಪಾತ್ರೆ, ಇವೆಲ್ಲ ಅವರ ಕಣ್ಣಿಗೆ ಬೀಳದೆ ಆ ಕಾಲದಲ್ಲಿ ಒಂದು ದಿನವೂ ಬಾಳಲಿಲ್ಲ. ಅವರು ರಸ್ತೆಯ ಈ ತುದಿಗೆ ಕಾಲಿಟ್ಟರೆ ಆ ತುದಿಯ ಅಂಗಡಿಯ ತಕ್ಕಡಿ ಮುಳ್ಳು ತಾನಾಗಿ ನೆಟ್ಟಗೆ ನಿಲ್ಲುತ್ತಿತ್ತು ಎಂದು ಹೇಳುವವರಿದ್ದಾರೆ. ಹಾಗೆ ಹೇಳುವವರಲ್ಲಿ ಸಾಹೇಬರೇ ಮೊದಲಿಗರು.

ಇಂಥ ಶೂರ ನಿವೃತ್ತನಾಗಿ ಮನೆಯಲ್ಲಿ ಕೂತರೆ ಯುದ್ಧ ನಿಲ್ಲುವುದಿಲ್ಲ, ರಣರಂಗ ಬದಲಾಗುತ್ತದೆ. ಎರಡು ವರ್ಷದಿಂದ ಆ ಮನೆಗೆ ಬಂದ ಬ್ರೆಡ್ಡು, ಸಾಬೂನು, ಸಕ್ಕರೆ ಎಲ್ಲವೂ ಅಡುಗೆಮನೆಯ ಕಟ್ಟೆಯ ಮೇಲೆ ಮೊದಲು ತೂಗಿಸಿಕೊಂಡು ಆಮೇಲೆ ಡಬ್ಬಿ ಸೇರುತ್ತಿದ್ದವು.

"ನನ್ನನ್ನೂ ಒಂದ್ಸಲ ತೂಗಿಬಿಡ್ರೀ," ಅಂದಿದ್ದರು ಹೆಂಡತಿ. "ಮದುವೆ ದಿನ ಹೇಳಿದ್ದಕ್ಕೂ ಈಗಿರೋದಕ್ಕೂ ಎಷ್ಟು ವ್ಯತ್ಯಾಸ ಅಂತ ಗೊತ್ತಾಗ್ಲಿ."

"ಹೆಚ್ಚಿದ್ರೆ ಕೇಸಿಲ್ಲ ಕಣೆ. ಕಮ್ಮಿ ಇದ್ರೆ ಮಾತ್ರ."

ಹೀಗೆ ಸುಖವಾಗಿದ್ದ ಸಂಸಾರಕ್ಕೆ ಹೊಸ ಇಂಟರ್ನೆಟ್ ಬಂದದ್ದು ಮಗಳ ದೆಸೆಯಿಂದ. ಮಗಳು ಸನ್ನೆ ಭಾಷೆಯ ದುಭಾಷಿ. ಕಿವಿ ಕೇಳದ ರೋಗಿ ಯಾವುದೋ ಆಸ್ಪತ್ರೆಯಲ್ಲಿ ಡಾಕ್ಟರ ಎದುರು ಕೂತಿರುತ್ತಾರೆ. ಇವಳು ತನ್ನ ಕೋಣೆಯಲ್ಲಿ ಬೂದು ಬಣ್ಣದ ಪರದೆಯ ಮುಂದೆ ಕೂತು, ವಿಡಿಯೊದಲ್ಲಿ ಡಾಕ್ಟರ ಮಾತನ್ನು ಕೈಯಲ್ಲಿ ಆಡುತ್ತಾಳೆ, ರೋಗಿಯ ಕೈಯನ್ನು ಬಾಯಲ್ಲಿ ನುಡಿಯುತ್ತಾಳೆ. ಒಂದು ದೊಡ್ಡ ಸಂಸ್ಥೆ ಅವಳನ್ನು ಒಂದು ತಿಂಗಳ ಪರೀಕ್ಷೆಗೆ ತೆಗೆದುಕೊಂಡಿತ್ತು. ಕರಾರು ಸರಳ: ಆ ತಿಂಗಳಲ್ಲಿ ಚಿತ್ರ ಹತ್ತು ಸಲ ಕಡಿದುಹೋದರೆ ಕೆಲಸವಿಲ್ಲ. ಎಷ್ಟು ಸಲ ಕಡಿಯಿತು ಅನ್ನುವುದನ್ನು ಅವರ ಕಂಪ್ಯೂಟರೇ ಎಣಿಸುತ್ತದೆ.

"ಅಪ್ಪಾ, ಈಗಿರೋ ನೆಟ್ ಸಾಲಲ್ಲ," ಅಂದಳು.

ಸಾಹೇಬರಿಗೆ ಅಷ್ಟೇ ಸಾಕಿತ್ತು. ಹಳೆಯ ಕಂಪನಿ ಸ್ಪೀಡ್ ಮೂವತ್ತು ಎಂಬಿಪಿಎಸ್ ಅಂತ ಹೇಳಿ ಹನ್ನೊಂದು ಕೊಡುತ್ತಿದ್ದುದನ್ನು ಅವರು ಹಿಡಿದಾಗಿತ್ತು. ಹೊಸ ಕಂಪನಿಯ ಕಾಗದವನ್ನು ಭೂತಗನ್ನಡಿ ಹಿಡಿದು ಓದಿದರು. ಬರುವ ದಾರಿಗೆ ನೂರು, ಹೋಗುವ ದಾರಿಗೆ ಇಪ್ಪತ್ತು. ಅಂದರೆ ಹೊರಗಿನಿಂದ ಮನೆಗೆ ಬರುವುದಕ್ಕೆ ಅಗಲವಾದ ದಾರಿ, ಮನೆಯಿಂದ ಹೊರಗೆ ಕಳಿಸುವುದಕ್ಕೆ ಸಣ್ಣ ದಾರಿ. ಮಗಳ ಮುಖವೂ ಕೈಗಳೂ ಹೋಗಬೇಕಾದದ್ದು ಆ ಸಣ್ಣ ದಾರಿಯಲ್ಲಿ. ಇಪ್ಪತ್ತು ಅವಳಿಗೆ ಧಾರಾಳ. ಕಾಗದದ ಮೇಲೆ ಧಾರಾಳ, ಅಂತ ಸಾಹೇಬರು ತಿದ್ದಿದರು.

ಲೈನ್ ಹಾಕಲು ಬಂದವನನ್ನು ಬೀದಿಯಲ್ಲಿ ಎಲ್ಲರೂ ಏಣಿ ಅಂತಲೇ ಕರೆಯುತ್ತಿದ್ದರು. ಹೆಗಲ ಮೇಲೊಂದು ಏಣಿ ಇರುತ್ತಿತ್ತು, ಅವನಿಗೆ ಅದರ ಅಗತ್ಯವಿಲ್ಲದಷ್ಟು ಎತ್ತರವೂ ಇದ್ದ. ಗೋಡೆಗೆ ಪೆಟ್ಟಿಗೆ ಬಡಿದು, ಹಳೆಯ ಕಂಪ್ಯೂಟರಿಗೆ ತಂತಿ ಚುಚ್ಚಿ, ಪರೀಕ್ಷೆ ಓಡಿಸಿದ. ಬರುವುದು ತೊಂಬತ್ತಾರು, ಹೋಗುವುದು ಇಪ್ಪತ್ತು.

"ನೋಡಿ ಸಾರ್, ಸರಿಯಾಗಿದೆ."

ಸಾಹೇಬರ ಮುಖ ಇಳಿಯಿತು. ಅವರ ಅನುಭವದಲ್ಲಿ ಇನ್ಸ್‌ಪೆಕ್ಟರ್ ಎದುರಿಗೆ ಇರುವಾಗ ಲೋಕದ ಎಲ್ಲ ತಕ್ಕಡಿಗಳೂ ಸರಿಯಾಗಿಯೇ ಇರುತ್ತವೆ. "ನೀನು ಹೋದ ಮೇಲೆ ಎಷ್ಟು ತೂಗುತ್ತೆ ಅಂತ ನೋಡೋಣ," ಅಂದರು. ಏಣಿ ನಕ್ಕ. ನಗುವವನ ಮೇಲೆ ಸಾಹೇಬರಿಗೆ ಒಂದು ಗುಮಾನಿ ಹೆಚ್ಚು.

ಮೊದಲ ವಾರ ಅವರು ಬೆಳಗ್ಗೆ ತಿಂಡಿಗೆ ಮುಂಚೆ ಫೋನ್ ಹಿಡಿದು ಮನೆಯೆಲ್ಲ ದಂಡಯಾತ್ರೆ ಮಾಡಿದರು. ಹಜಾರದಲ್ಲಿ ಎಂಬತ್ತು, ಅಡುಗೆಮನೆಯಲ್ಲಿ ನಲವತ್ತನಾಲ್ಕು, ಬಚ್ಚಲಲ್ಲಿ ಹನ್ನೆರಡು.

"ಬಚ್ಚಲಿಗೆ ಹೋಗೋ ಹೊತ್ತಿಗೆ ಅರವತ್ತೆಂಟು ಎಲ್ಲಿ ಸೋರಿತು?" ಅಂತ ಗುಡುಗಿದರು.

"ಗೋಡೇಲಿ, ಅಪ್ಪಾ. ವೈಫೈ ಗೋಡೆ ದಾಟುವಾಗ ಕಮ್ಮಿ ಆಗುತ್ತೆ. ಅದು ಲೈನಿನ ತಪ್ಪಲ್ಲ. ಸರಿಯಾಗಿ ಅಳೀಬೇಕಂದ್ರೆ ತಂತಿ ಹಾಕಿ ಅಳೀಬೇಕು."

ಮಗಳು ಈ ಬುದ್ಧಿ ಹೇಳಿಕೊಡಬಾರದಿತ್ತು. ಎರಡನೇ ವಾರದಿಂದ ಸಾಹೇಬರು ಹಳೆಯ ಕಂಪ್ಯೂಟರಿನ ಮುಂದೆ, ತಂತಿಯ ಪಕ್ಕ, ಠಿಕಾಣಿ ಹೂಡಿದರು. ಇಲಾಖೆಯ ಕ್ರಮ ಇಲ್ಲಿಗೂ ಬಂತು. ಯಾವ ಅಂಗಡಿಗೆ ಯಾವಾಗ ಹೋಗುತ್ತೇನೆ ಅನ್ನುವುದು ಗುಮಾಸ್ತನಿಂದ ಸೋರಿಹೋಗಬಾರದೆಂದು ಅವರು ಆಫೀಸಿನಲ್ಲಿ ಒಂದು ಬಿಸ್ಕತ್ತಿನ ಡಬ್ಬದಿಂದ ಚೀಟಿ ಎತ್ತುತ್ತಿದ್ದರು. ಅದೇ ಡಬ್ಬ ಈಗ ಅಟ್ಟದಿಂದ ಇಳಿಯಿತು. ಒಂದರಿಂದ ಅರವತ್ತರವರೆಗೆ ಚೀಟಿ ಬರೆದು ತುಂಬಿದರು. ಪ್ರತಿ ಗಂಟೆ ಹೊಡೆದಾಗ ಒಂದು ಚೀಟಿ. ಅದರಲ್ಲಿ ಎಷ್ಟು ಬಂತೋ ಅಷ್ಟನೇ ನಿಮಿಷಕ್ಕೆ ದಿಢೀರ್ ತಪಾಸಣೆ. ಅದೂ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಮಾತ್ರ, ಯಾಕೆಂದರೆ ಅಂಗಡಿಯನ್ನು ಹಿಡಿಯಬೇಕಾದದ್ದು ವ್ಯಾಪಾರದ ಹೊತ್ತಿನಲ್ಲಿ. ಇದಕ್ಕೊಂದು ಉಪನಿಯಮವೂ ಇತ್ತು: ಒಂದು ಸಲ ಕಮ್ಮಿ ತೂಗಿದರೆ ಸುಮ್ಮನಾಗಬಾರದು, ಅಲ್ಲೇ ನಿಂತು ಮತ್ತೆ ಮೂರು ಸಲ ತೂಗಬೇಕು. ಆಗಲೇ ಕೇಸು ಕೋರ್ಟಿನಲ್ಲಿ ನಿಲ್ಲುವುದು.

ಫಲ ಸಿಕ್ಕಿತು. ಬಹಳ ಸಲ ಇಪ್ಪತ್ತು ಇರುತ್ತಿದ್ದ ಹೋಗುವ ದಾರಿ, ಕೆಲವು ಸಲ ಹದಿನೇಳಕ್ಕೆ ಇಳಿಯುತ್ತಿತ್ತು. "ಆಹಾ!" ಅಂತ ತೊಡೆ ತಟ್ಟಿ ಸಾಹೇಬರು ಮೂರು ಸಲ ತೂಗುತ್ತಿದ್ದರು, ಉದ್ದ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ವರ್ಷಗಳ ಮೇಲೆ ಅವರ ಊಟ ಚೆನ್ನಾಗಿ ಜೀರ್ಣವಾಗತೊಡಗಿತು.

ಆ ವಾರದ ಕೊನೆಗೆ ಮಗಳು ಕೋಣೆಯಿಂದ ಹೊರಗೆ ಬಂದು ಗೋಡೆಗೆ ಒರಗಿ ನಿಂತಳು.

"ಏಳಾಯ್ತು."

"ಏನು ಏಳು?"

"ಏಳು ಸಲ ಕಡೀತು ಅಪ್ಪಾ. ಮೊದಲನೇ ವಾರ ಒಂದೂ ಇರಲಿಲ್ಲ. ಇವತ್ತು ಒಬ್ಬರು ಅಜ್ಜಿ. ಮಾತ್ರೆ ಒಂದೊಂದರಂತೆ ಎರಡು ಹೊತ್ತು ಅಂತ ಡಾಕ್ಟರು ಹೇಳಿದ್ರು. ನಾನು ಎರಡು ಬೆರಳು ಎತ್ತಿದ್ದೆ ನೋಡು, ಅಲ್ಲೇ ಚಿತ್ರ ನಿಂತುಹೋಯ್ತು. ಅಜ್ಜಿ ಎರಡೆರಡು ಮಾತ್ರೆ ಅಂದ್ಕೊಂಡು ಚೀಟಿ ಮಡಚಿ ಎದ್ದುಬಿಟ್ಟಿದ್ರು. ಲೈನ್ ವಾಪಸ್ ಬಂದಾಗ ಬಾಗಿಲ ಹತ್ರ ಇದ್ರು. ನರ್ಸ್ ಓಡಿಹೋಗಿ ಕರ್ಕೊಂಡು ಬಂದ್ರು."

ಹೆಂಡತಿ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟರು. ಸಾಹೇಬರಿಗೆ ಕಿವಿ ಕೆಂಪಾಯಿತು. ಇದು ಕಾಲು ಕಿಲೊ ಸಕ್ಕರೆಯ ವಿಷಯವಲ್ಲ. ಯಾರೋ ತಮ್ಮ ಮಗಳ ಕೈಯನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸುತ್ತಿದ್ದಾರೆ.

"ನೀನು ಹೆದರಬೇಡಮ್ಮ," ಅಂದರು. "ನನ್ನ ಹತ್ರ ದಾಖಲೆ ಇದೆ. ಕಳ್ಳನ್ನ ನಾನು ಹಿಡೀತೀನಿ."

ಮೊದಲ ಆರೋಪಿ ಮೇಲಿನ ಮನೆಯ ಹಲ್ಲಿನ ಡಾಕ್ಟರು. ಮೆಟ್ಟಿಲಲ್ಲಿ ಎದುರಾದಾಗ ವಿಪರೀತ ಚೆನ್ನಾಗಿ ನಗುತ್ತಾರೆ ಅನ್ನುವುದೇ ಅವರ ಮೇಲಿದ್ದ ಸಾಕ್ಷ್ಯ. ವೈಫೈ ಕದಿಯುತ್ತಿರಬಹುದೆಂದು ಸಾಹೇಬರು ಪಾಸ್‌ವರ್ಡನ್ನು ಇಪ್ಪತ್ತೆಂಟು ಅಕ್ಷರಗಳಿಗೆ ಬೆಳೆಸಿದರು. ಡಾಕ್ಟರು ಎಂದಿನಂತೆ ನಗುತ್ತಲೇ ಇದ್ದರು. ಹೆಂಡತಿಯ ಫೋನು ಮಾತ್ರ ಎರಡು ದಿನ ಉಪವಾಸ ಬಿತ್ತು. ಚಿತ್ರ ಮತ್ತೊಮ್ಮೆ ಕಡಿಯಿತು. ಎಂಟು.

ಎರಡನೇ ಆರೋಪಿ ಏಣಿ. ಕರೆಸಿದರು. ಅವನು ಬೆಳಕು ಒಯ್ಯುವ ಫೈಬರ್ ತಂತಿಯ ತುದಿಗೆ ಸಣ್ಣ ಮೀಟರು ಹಿಡಿದು ನೋಡಿ, "ಬೆಳಕು ಚೆನ್ನಾಗಿ ಬರ್ತಾ ಇದೆ ಸಾರ್. ಲೈನಿಗೆ ಏನೂ ಆಗಿಲ್ಲ," ಅಂದ.

"ಹದಿನೇಳು ತೂಗುತ್ತಲ್ಲಯ್ಯ, ಕೆಲವು ಸಲ?"

"ಹದಿನೇಳಕ್ಕೆ ವಿಡಿಯೊ ಕಡಿಯಲ್ಲ ಸಾರ್. ಅಕ್ಕನಿಗೆ ಬೇಕಾಗಿರೋದು ಮೂರೇ. ಸ್ಪೀಡ್ ಬೇರೆ, ಲೈನಿನ ಗುಣ ಬೇರೆ. ರಸ್ತೆ ಎಷ್ಟು ಅಗಲ ಅನ್ನೋದು ಸ್ಪೀಡ್. ನಡೆಯೋನು ಎಡವದೆ, ಕಾಯದೆ ಹೋಗ್ತಾನಾ ಅನ್ನೋದು ಗುಣ."

ಸಾಹೇಬರು ಹುಬ್ಬು ಏರಿಸಿದರು. ಇದು ಅವರಿಗೆ ಗೊತ್ತಿದ್ದ ವಿದ್ಯೆಯೇ. ನೂರು ಕಿಲೊ ಹೊರುವ ತಕ್ಕಡಿ ಒಳ್ಳೆಯ ತಕ್ಕಡಿ ಎಂದೇನಿಲ್ಲ; ಮುಳ್ಳು ನಡುಗದೆ ನಿಲ್ಲಬೇಕು. ಶತ್ರುವಿನ ಬಾಯಲ್ಲಿ ಸತ್ಯ ಕೇಳಿ ಅವರಿಗೆ ಕಸಿವಿಸಿಯಾಯಿತು.

"ಮನೇಲಿ ದೊಡ್ಡದೇನಾದ್ರೂ ಓಡ್ತಾ ಇರುತ್ತಾ ಸಾರ್? ಸಿನಿಮಾ ಇಳಿಸೋದು, ಏನಾದ್ರೂ ಕಳಿಸೋದು?"

"ಏನೂ ಇಲ್ಲ," ಅಂದರು ಸಾಹೇಬರು ಥಟ್ಟನೆ. ಕಾಲಿನಿಂದ ಚೀಟಿ ಡಬ್ಬವನ್ನು ಮೇಜಿನ ಅಡಿಗೆ ತಳ್ಳಿದರು. ತಪಾಸಣೆಯ ಗುಟ್ಟನ್ನು ಅಂಗಡಿಯವನಿಗೆ ಬಿಟ್ಟುಕೊಡುವುದುಂಟೇ? ಮೂವತ್ತೊಂದು ವರ್ಷದಲ್ಲಿ ಆಗದ್ದು ಇವತ್ತು ಆದೀತೇ?

ಏಣಿ ತಲೆ ಕೆರೆದುಕೊಂಡು ಹಳೆಯ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಪರೀಕ್ಷೆ ಓಡಲು ಬಿಟ್ಟ. "ಇದು ಸೆಕೆಂಡಿಗೊಂದು ಸಣ್ಣ ಕಲ್ಲು ಎಸೆದು, ಅದು ವಾಪಸ್ ಬರೋಕೆ ಎಷ್ಟು ಹೊತ್ತು ಆಯ್ತು ಅಂತ ಬರ್ಕೊಳುತ್ತೆ. ಹಗುರವಾದದ್ದು, ಯಾರಿಗೂ ತೊಂದರೆ ಇಲ್ಲ. ನಾಳೆ ಸಂಜೆವರೆಗೆ ಓಡಲಿ. ಯಾವಾಗ ಎಡವಿತು ಅಂತ ಗಂಟೆ ನಿಮಿಷ ಸಮೇತ ಸಿಗುತ್ತೆ."

ಗಂಟೆ ನಿಮಿಷ ಸಮೇತ ಸಾಕ್ಷಿ! ಸಾಹೇಬರಿಗೆ ಏಣಿಯ ಮೇಲೆ ಮೊದಲ ಸಲ ಅಕ್ಕರೆ ಬಂತು. ತನ್ನ ಕೊರಳಿಗೆ ತಾನೇ ಹಗ್ಗ ತಂದುಕೊಡುವ ಆರೋಪಿ ಎಷ್ಟು ಜನಕ್ಕೆ ಸಿಗುತ್ತಾನೆ?

ಮರುದಿನ ಚಿತ್ರ ಒಂಬತ್ತನೆಯ ಸಲ ಕಡಿಯಿತು. ಸಂಜೆ ಸಾಹೇಬರು ಎಡಗಡೆ ಎಡವಿದ ಪಟ್ಟಿ, ಬಲಗಡೆ ತಮ್ಮ ರಿಜಿಸ್ಟರು ಇಟ್ಟುಕೊಂಡು, ನಡುವೆ ಅಡಿಕೋಲು ಇಟ್ಟು ಸಾಲು ಸಾಲಾಗಿ ನೋಡಿದರು. ಹತ್ತು ಗಂಟೆ ಹದಿನಾಲ್ಕು ನಿಮಿಷ: ಎಡವಿದೆ. ಹತ್ತು ಹದಿನಾಲ್ಕಕ್ಕೆ ಇವರ ಚೀಟಿ. ಹನ್ನೊಂದು ಐವತ್ತೆರಡು: ಎಡವಿದೆ. ಹನ್ನೊಂದು ಐವತ್ತೆರಡಕ್ಕೂ ಇವರ ಚೀಟಿ. ಎರಡು ಗಂಟೆ ಏಳಕ್ಕೆ ನಾಲ್ಕು ಸಲ ಮುಗ್ಗರಿಸಿ ಬಿದ್ದಿದೆ. ಎರಡು ಏಳಕ್ಕೆ ಇವರು ಹದಿನೇಳು ಕಂಡು ಕೆಂಪು ಶಾಯಿ ತೆಗೆದು ನಾಲ್ಕು ಸಲ ತೂಗಿದ್ದಾರೆ. ಎಂಟು ಚೀಟಿ, ಎಂಟು ಕಡೆ ಎಡವು. ಉಳಿದ ಇಡೀ ದಿನ ಕಲ್ಲುಗಳು ಹೋದ ಹಾಗೇ ಬಂದಿವೆ, ಕೆರೆಯ ನೀರಿನಷ್ಟು ಶಾಂತ.

ಬುದ್ಧಿವಂತರಾದವರಿಗೆ ಇಲ್ಲಿ ವಿಷಯ ಹೊಳೆಯಬೇಕಿತ್ತು. ಆದರೆ ಸಾಹೇಬರು ಬರೀ ಬುದ್ಧಿವಂತರಲ್ಲ, ಅನುಭವಸ್ಥರು. ಅವರಿಗೆ ಹೊಳೆದದ್ದೇ ಬೇರೆ.

"ಅಯ್ಯೋ! ನನ್ನ ಚೀಟಿ ಸೋರಿಹೋಗ್ತಾ ಇದೆ ಕಣೆ!"

"ಏನು ಸೋರ್ತಾ ಇದೆ?" ಹೆಂಡತಿ ಅಡುಗೆಮನೆಯ ನಲ್ಲಿಯ ಕಡೆ ನೋಡಿದರು.

"ನಾನು ಯಾವ ನಿಮಿಷಕ್ಕೆ ತೂಗ್ತೀನೋ ಅದೇ ನಿಮಿಷಕ್ಕೆ ಕಂಪನಿಯೋನು ಲೈನ್ ಕೆಡಿಸ್ತಾನೆ. ಅವನಿಗೆ ಹೇಗೆ ಗೊತ್ತಾಗುತ್ತೆ? ಚೀಟಿ ನೋಡೋದು ನಾನೊಬ್ಬನೇ. ಆಮೇಲೆ..." ಸಾಹೇಬರು ತಡೆದರು. ಡಬ್ಬ ಇರುವುದು ಹಜಾರದಲ್ಲಿ. ಹಜಾರದಲ್ಲಿ ಹಗಲೆಲ್ಲ ಕೂರುವವರು ಇನ್ನೊಬ್ಬರಿದ್ದಾರೆ. "ಆ ಲೈನಿನೋನಿಗೆ ನೀನು ಕಾಫಿ ಕೊಟ್ಟೆಯಲ್ಲ, ಏನು ಮಾತಾಡಿದೆ?"

ಹೆಂಡತಿಯ ಮೇಲೆ ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಕಳ್ಳತನದ ಆರೋಪ ಇದೇ ಮೊದಲು.

"ಸಕ್ಕರೆ ಸಾಕಾ ಅಂತ ಕೇಳಿದೆ. ಸಾಕು ಅಂದ. ಅದರಲ್ಲಿ ಏನು ಗುಟ್ಟಿತ್ತು ಅಂತ ಡಬ್ಬಿ ತೂಗಿ ನೋಡ್ಕೊಳ್ಳಿ."

"ಹಾಗಲ್ಲ ಕಣೆ..."

"ಹೇಗೂ ಅಲ್ಲ. ಒಳಗಿನವರೇ ಗೂಢಚಾರರು ಅಂತ ತಾನೇ? ಹಾಗಿದ್ರೆ ನಾಳೆ ಡಬ್ಬ ನನ್ನ ಹತ್ರ ಇರಲಿ. ಚೀಟಿ ಎತ್ತೋರೂ ಇಲ್ಲ, ನೋಡೋರೂ ಇಲ್ಲ, ತೂಗೋರೂ ಇಲ್ಲ. ಕಲ್ಲು ಎಸೆಯೋದು ಮಾತ್ರ ಎಸೀತಾ ಇರಲಿ. ಕಳ್ಳ ಬರ್ತಾನೋ ಇಲ್ವೋ ನೋಡೋಣ."

ಮರುದಿನ ಹೆಂಡತಿ ಬಿಸ್ಕತ್ತಿನ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡೇ ಬಟ್ಟೆ ಮಡಚಿದರು, ಪೇಪರು ಓದಿದರು, ಒಂದು ಕಣ್ಣು ಮುಚ್ಚಿ ನಿದ್ದೆಯನ್ನೂ ಮಾಡಿದರು. ಸಾಹೇಬರು ಎದುರಿಗೆ ಕೂತು ಕಾದರು. ಮಗಳ ಕೋಣೆಯ ಬಾಗಿಲ ಆಚೆ ಅವಳ ದನಿ ಒಂದೇ ಸಮನೆ ಹರಿಯುತ್ತಿತ್ತು, ಒಂದು ಸಲವೂ "ಕಾಣಿಸ್ತಾ ಇದೀನಾ?" ಅನ್ನಲಿಲ್ಲ. ಸಂಜೆ ಪಟ್ಟಿ ತೆಗೆದರೆ ಎಡವಿದ್ದು ಸೊನ್ನೆ.

"ನೋಡಿದ್ಯಾ?" ಅಂದರು ಸಾಹೇಬರು, ಆದರೆ ದನಿಯಲ್ಲಿ ಕಸುವಿರಲಿಲ್ಲ. "ನಾನು ತೂಗದಿದ್ರೆ ಕಳ್ಳ ಬರೋದೇ ಇಲ್ಲ."

"ನೀವು ಬಂದಾಗ ಮಾತ್ರ ಬರ್ತಾನೆ, ನೀವು ಹೋದಾಗ ಹೋಗ್ತಾನೆ. ನಿಮ್ಮ ಚಪ್ಪಲಿ ಅಳತೇನೇ ಇರಬೇಕು ಅವನದೂ."

ಸಾಹೇಬರಿಗೆ ಯಾಕೋ ಪೆಟ್ರೋಲ್ ಬಂಕು ನೆನಪಾಯಿತು. ವರ್ಷಕ್ಕೆ ನಾಲ್ಕು ಸಲ ಅವರು ಬಂಕಿಗೆ ನುಗ್ಗಿ, ಪಂಪಿನ ಮುಂದೆ ಇಲಾಖೆಯ ಐದು ಲೀಟರಿನ ಪಾತ್ರೆ ಇಟ್ಟು, ತುಂಬಾ ಹಿಡಿದು, ಗೆರೆ ನೋಡಿ, ಆಮೇಲೆ ಪೆಟ್ರೋಲನ್ನು ವಾಪಸ್ ಟ್ಯಾಂಕಿಗೆ ಸುರಿಸುತ್ತಿದ್ದರು. ಅನುಮಾನ ಬಂದರೆ ಮತ್ತೆ ಮೂರು ಸಲ. ಅಷ್ಟು ಹೊತ್ತು ಹಿಂದೆ ಗಾಡಿಗಳ ಸಾಲು ಬೀದಿ ದಾಟಿ ನಿಲ್ಲುತ್ತಿತ್ತು. ಹಾರ್ನು ಹೊಡೆಯುತ್ತಿದ್ದರು, ಬೈಯುತ್ತಿದ್ದರು, ಒಮ್ಮೆ ಒಬ್ಬ ಆಂಬುಲೆನ್ಸ್ ಡ್ರೈವರು ಇಳಿದು ಬಂದು ಕೈ ಮುಗಿದಿದ್ದ. ಸಾಹೇಬರು ತಿರುಗಿ ನೋಡಿರಲಿಲ್ಲ. ಅಳತೆ ಮಾಡುವವನು ಅಳತೆಯನ್ನು ಮಾತ್ರ ನೋಡಬೇಕು ಅಂತ ನಂಬಿದ್ದವರು.

ಈ ಸ್ಪೀಡ್ ಪರೀಕ್ಷೆ ಮಾಡುವುದೂ ಅದನ್ನೇ ಅಲ್ಲವೇ? ದಾರಿ ಎಷ್ಟು ಅಗಲ ಅಂತ ತಿಳಿಯಲು ದಾರಿಯ ತುಂಬಾ ಗಾಡಿ ನಿಲ್ಲಿಸುವುದು. ಆ ಸಾಲಿನ ಹಿಂದೆ ಸಿಕ್ಕಿಕೊಂಡವಳು ಮಗಳು, ಎರಡು ಬೆರಳು ಎತ್ತಿಕೊಂಡು. ಅವಳು ಕೆಲಸದಲ್ಲಿದ್ದಾಗ ಇಪ್ಪತ್ತರಲ್ಲಿ ಮೂರು ಅವಳಿಗೆ ಹೋಗಿ ಹದಿನೇಳು ಉಳಿದಿರುತ್ತಿತ್ತು. ಆ ಹದಿನೇಳನ್ನು ಕಂಡೇ ತಾವು "ಆಹಾ" ಅಂದು ಮತ್ತೆ ಮೂರು ಸಲ ಗಾಡಿ ನಿಲ್ಲಿಸಿದ್ದು. ಅಂದರೆ ಅವಳು ಕೂತ ಹೊತ್ತನ್ನೇ ಆರಿಸಿ ಆರಿಸಿ ಹೊಡೆದ ಹಾಗಾಯಿತು. ಬೇಲಿಯೇ ಎದ್ದು ಹೊಲ ಮೇಯ್ದದ್ದಲ್ಲದೆ, ಎಷ್ಟು ಮೇಯ್ದೆ ಅಂತ ರಿಜಿಸ್ಟರಿನಲ್ಲಿ ಬರೆದೂ ಇಟ್ಟಿತ್ತು.

ಅಷ್ಟರಲ್ಲಿ ಮಗಳು ಲ್ಯಾಪ್‌ಟಾಪ್ ಹಿಡಿದು ಬಂದಳು. "ಅಪ್ಪಾ, ಸಂಸ್ಥೆಯವರು ಕೇಳಿದಾರೆ. ಒಂಬತ್ತು ಸಲ ಕಡಿಯೋಕೆ ಕಾರಣ ಏನು ಅಂತ ನಾಳೆ ಒಳಗೆ ಬರೀಬೇಕಂತೆ. ಕಾರಣ ಗೊತ್ತಾಗಿ ಸರಿಯಾಗಿದ್ರೆ ಇನ್ನೂ ಎರಡು ವಾರ ನೋಡ್ತಾರಂತೆ. ಲೈನೇ ಸರಿ ಇಲ್ಲ ಅಂದ್ರೆ ಇಲ್ಲಿಗೇ ಮುಗೀತು. ನಿನ್ನ ಹತ್ರ ದಾಖಲೆ ಇದೆ ಅಂದ್ಯಲ್ಲ. ಕಳ್ಳ ಸಿಕ್ಕಿದ್ನಾ?"

ಹೆಂಡತಿ ಡಬ್ಬದ ಮುಚ್ಚಳವನ್ನು ಬೆರಳಿನಿಂದ ಟಕ್ ಟಕ್ ಎಂದು ಬಡಿಯುತ್ತಾ ಸೂರು ನೋಡಿದರು. ತಾವಾಗಿ ಏನೂ ಹೇಳುವವರಲ್ಲ ಅಂತ ಸಾಹೇಬರಿಗೆ ಗೊತ್ತಾಯಿತು. ಕಂಪನಿಯ ತಲೆಗೆ ಕಟ್ಟಬಹುದು. ಆಗ ಕೆಲಸ ಹೋಗುತ್ತದೆ, ಮಾನ ಉಳಿಯುತ್ತದೆ. ಒಳಗೊಳಗೇ ತಪಾಸಣೆ ನಿಲ್ಲಿಸಿ, ಏನೋ ಒಂದು ಸರಿಯಾಯಿತು ಅನ್ನಬಹುದು. ಏನೋ ಒಂದು ಅನ್ನುವುದನ್ನು ಅವರು ಯಾವ ಅಂಗಡಿಯವನಿಂದಲೂ ಒಪ್ಪಿದವರಲ್ಲ.

"ಸಿಕ್ಕಿದ," ಅಂದರು. "ಬರ್ಕೋ."

"ಯಾರು?"

"ನಾನು."

ಮಗಳು ಮೊದಲು ನಕ್ಕಳು. ಸಾಹೇಬರು ಎರಡೂ ಪಟ್ಟಿ ತೋರಿಸಿ, ಅಡಿಕೋಲು ಇಟ್ಟು, ಒಂದೊಂದೇ ಸಾಲು ಓದಿದರು. ಅವಳ ನಗು ಎರಡು ಗಂಟೆ ಏಳರ ಸಾಲಿನಲ್ಲಿ ನಿಂತಿತು. ಆ ದಿನ ಎರಡು ಏಳಕ್ಕೆ ವಿಡಿಯೊದಲ್ಲಿ ಅವಳ ಎದುರಿಗಿದ್ದ ರೋಗಿ ಯಾರು ಅನ್ನುವುದು ಅವಳಿಗೆ ನೆನಪಿತ್ತು.

"ಎರಡು ವಾರದಿಂದ ನಾನು ಒಳಗೆ ಅಳ್ತಾ ಇದ್ದೆ," ಅಂದಳು. "ನೀನು ಹೊರಗೆ ಕೂತು..."

"ಹೌದಮ್ಮ."

"ಒಂದು ಮಾತು ಕೇಳಬಾರದಿತ್ತಾ?"

"ಹೇಳಿ ಮಾಡಿದ್ರೆ ತಪಾಸಣೆ ಆಗಲ್ಲ ಅಂತ..."

ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೆ ಬಂದಳು, ತಟ್ಟೆ ಹಿಡಿದು ಮತ್ತೆ ಒಳಗೆ ಹೋದಳು. ಬೆಳಗ್ಗೆ ಸಾಹೇಬರು ಇಲಾಖೆಯ ಹಳೆಯ ನಮೂನೆಯಲ್ಲೇ ವರದಿ ಬರೆದರು. ಅಪರಾಧದ ವಿವರ: ದಿನಕ್ಕೆ ಎಂಟು ಬಾರಿಯಂತೆ ಲೈನನ್ನು ಪೂರ್ತಿ ತುಂಬಿಸಿದ್ದು, ಅನುಮಾನ ಬಂದಾಗ ಮೂರು ಬಾರಿ ಹೆಚ್ಚುವರಿ. ಸಿಕ್ಕ ಸಾಮಗ್ರಿ: ಬಿಸ್ಕತ್ತಿನ ಡಬ್ಬ ಒಂದು, ಚೀಟಿ ಅರವತ್ತು. ಆರೋಪಿಯ ಸಂಬಂಧ: ತಂದೆ. ಕೊನೆಗೆ, ಲೈನು ಸರಿಯಾಗಿದೆ, ದುಭಾಷಿಯ ತಪ್ಪು ಏನೇನೂ ಇಲ್ಲ ಅಂತ ಬರೆದು ದೊಡ್ಡದಾಗಿ ಸಹಿ ಹಾಕಿದರು. ಮಗಳು ಅದನ್ನು ಎರಡು ಸಲ ಓದಿ, ತುಟಿ ಕಚ್ಚಿಕೊಂಡು, ಫೋಟೊ ತೆಗೆದು ಕಳಿಸಿದಳು. ಅವಳು ನಗು ತಡೆಯುತ್ತಿದ್ದಳೋ ಸಿಟ್ಟು ತಡೆಯುತ್ತಿದ್ದಳೋ ಸಾಹೇಬರಿಗೆ ತಿಳಿಯಲಿಲ್ಲ.

ಎರಡು ವಾರ ಸಿಕ್ಕಿತು. ಎಣಿಕೆ ಒಂಬತ್ತರಿಂದಲೇ ಮುಂದಕ್ಕೆ. ಇನ್ನೊಂದೇ ಒಂದು ಕಡಿದರೆ ಮುಗಿಯಿತು.

ಸಾಹೇಬರು ತಮ್ಮ ಕಸುಬಿನ ಹಳೆಯ ಪೆಟ್ಟಿಗೆಯಿಂದ ಸೀಸದ ಮುದ್ರೆ ಒತ್ತುವ ಇಕ್ಕಳ ತೆಗೆದರು. ಮೋಸದ ತಕ್ಕಡಿಗೆ ಹಾಕುವ ಹಾಗೆ, ಹಳೆಯ ಕಂಪ್ಯೂಟರಿನ ತಂತಿಯನ್ನು ಸುತ್ತಿ, ತಂತಿಗೆ ದಾರ ಬಿಗಿದು, ದಾರಕ್ಕೆ ಮುದ್ರೆ ಒತ್ತಿದರು. ಏಣಿಗೆ ಫೋನ್ ಮಾಡಿ, "ನಿನ್ನ ತಕ್ಕಡಿ ಸರಿಯಾಗಿದೆಯಯ್ಯ," ಅಂದರು. ಮೂವತ್ತೊಂದು ವರ್ಷದಲ್ಲಿ ಈ ಮಾತನ್ನು ಅವರು ನಾಲ್ಕು ಜನಕ್ಕೆ ಹೇಳಿದ್ದರು, ಏಣಿ ಐದನೆಯವನು. ಅವನಿಗೆ ಅದರ ಬೆಲೆ ಗೊತ್ತಿಲ್ಲದೆ "ಸರಿ ಸಾರ್, ಬೇರೆ ಏನಾದ್ರೂ ಕಂಪ್ಲೇಂಟ್ ಇದೆಯಾ?" ಅಂದ.

ಆ ಎರಡು ವಾರ ಸಾಹೇಬರು ಪಟ್ಟ ಪಾಡು ಯಾವ ತಪಸ್ವಿಯೂ ಪಟ್ಟಿರಲಾರ. ಗಂಟೆ ಹೊಡೆದಾಗಲೆಲ್ಲ ಬಲಗೈ ತಾನಾಗಿ ಡಬ್ಬ ಹುಡುಕುತ್ತಿತ್ತು. ಕೈಯನ್ನು ತೊಡೆಯ ಅಡಿ ಹಾಕಿಕೊಂಡು ಕೂರುತ್ತಿದ್ದರು. ಹೆಂಡತಿ ದಿನಕ್ಕೆ ಎರಡು ಸಲ ಬಂದು, ಇನ್ಸ್‌ಪೆಕ್ಟರ್ ಗತ್ತಿನಲ್ಲಿ ಬಗ್ಗಿ, ಮುದ್ರೆ ಒಡೆದಿಲ್ಲವೆಂದು ನೋಡಿಕೊಂಡು ಹೋಗುತ್ತಿದ್ದರು. ಅದೂ ಹೇಳದೆ ಕೇಳದೆ, ದಿಢೀರನೆ.

ಕೊನೆಯ ದಿನ ಐದು ಗಂಟೆಗೆ ಮಗಳ ಬಾಗಿಲು ತೆರೆಯಿತು. ಹೊರಗೆ ಬಂದು ಅಪ್ಪನ ಎದುರಿಗೆ ನಿಂತಳು. ಒಂಬತ್ತು ಬೆರಳು ಎತ್ತಿ, ಹತ್ತನೆಯದನ್ನು ಮಡಚಿ ಹಿಡಿದು ತೋರಿಸಿದಳು.

ಸಾಹೇಬರು ತೊಡೆಯ ಅಡಿಯಿಂದ ಕೈ ತೆಗೆದರು. ಮರಗಟ್ಟಿತ್ತು. ಉಜ್ಜಿಕೊಂಡರು, ಕಣ್ಣನ್ನೂ ಒಮ್ಮೆ ಉಜ್ಜಿಕೊಂಡರು.

"ಒಂಬತ್ತೇ ಅಂತ ಯಾರು ಹೇಳಿದ್ದು?" ಅಂದರು ಆಮೇಲೆ.

"ಅವರ ಕಂಪ್ಯೂಟರು. ಅದೇ ಎಣಿಸೋದಲ್ವಾ?"

"ಹೂಂ." ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಆ ಕಂಪ್ಯೂಟರನ್ನ ಯಾರಾದ್ರೂ ತಪಾಸಣೆ ಮಾಡ್ತಾರಾ?"

"ರೀ!" ಅಂದರು ಹೆಂಡತಿ, ಮತ್ತು ಬಿಸ್ಕತ್ತಿನ ಡಬ್ಬವನ್ನು ಎತ್ತಿಕೊಂಡು ಅಟ್ಟದ ಕಡೆ ನಡೆದರು.